ಹೊಸ ಬ್ಲೂಟೂತ್ ಹೆಡ್‌ಫೋನ್: ಕಿವಿ ನೋವು, ಮೀಟಿಂಗಲ್ಲಿ ಸೌಂಡ್ ಹಾಳು, ಎಂತ ಮಾಡೂದು?

ಪೆರ್ಲದ_ತೋಟ
ಸಾಕಾಗಿ ಹೋಯ್ತು ಮಾರಾಯ್ರೆ. ಎರಡು ಸಾವಿರದೊಳಗೆ ಒಳ್ಳೇದು ಅಂತ ಊರಿಡೀ ರಿವ್ಯೂ ನೋಡಿ ತೆಗೊಂಡ ವೈರ್‌ಲೆಸ್ ಹೆಡ್‌ಫೋನ್, ಅರ್ಧ ಗಂಟೆ ಹಾಕಿದ್ರೆ ಕಿವಿಯ ಮೇಲ್ಗಡೆ ಉರಿ ಸುರು ಆಗ್ತದೆ, ಗಂಟೆ ಆಗುವಾಗ ತೆಗೆದು ಮೇಜಿನ ಮೇಲೆ ಇಡ್ಲೇಬೇಕು. ಅದೊಂದು. ಇನ್ನೊಂದು ಎಂತ ಹೇಳಿದ್ರೆ ಪದ್ಯ ಕೇಳುವಾಗ ಸೌಂಡ್ ಚಂದ ಉಂಟು, ಮೀಟಿಂಗ್ ಸುರು ಆದ ಕೂಡ್ಲೇ ಎಲ್ಲರೂ ಬಾವಿಯೊಳಗೆ ಕೂತು ಮಾತಾಡಿದ ಹಾಗೆ ಕೇಳ್ತದೆ, ಆಚೆಯವರಿಗೂ ನನ್ನ ಸ್ವರ ಸರಿ ಕೇಳುದಿಲ್ಲವಂತೆ. ಮತ್ತೆ ಚಾರ್ಜ್ ಕೂಡ ಒಮ್ಮೊಮ್ಮೆ ಆಗ್ತದೆ ಒಮ್ಮೊಮ್ಮೆ ಇಲ್ಲ. ರಿಟರ್ನ್ ಡೇಟ್ ಮುಗ್ದಿದೆ. ಪೀಸೇ ಡಿಫೆಕ್ಟಾ? ಗೊತ್ತಿದ್ದವರು ಹೇಳಿ.

ಕುಂಬಳೆ_ಆಡಿಯೋ
ಕೋಡೆಕ್ ಸಮಸ್ಯೆ, ಅಂದ್ರೆ ಬ್ಲೂಟೂತಲ್ಲಿ ಕಳಿಸ್ಲಿಕ್ಕೆ ಸೌಂಡನ್ನು ಕುಗ್ಗಿಸುವ ವಿಧಾನದ್ದು. ಈ ರೇಟಿಗೆ ಎಸ್‌ಬಿಸಿ ಅಂತ ಮಾಮೂಲು ಕೋಡೆಕ್ ಮೇಲೆ ಓಡ್ತಾ ಇರ್ತದೆ. ಫೋನಿನ ಡೆವಲಪರ್ ಆಪ್ಷನ್‌ಗೆ ಹೋಗಿ ಎಎಸಿ ಅಂತ ಇರುವ ಇನ್ನೊಂದು ಕೋಡೆಕ್ ಮಾಡಿ ನೋಡಿ, ಅಲ್ಲೇ ಸರಿ ಆಗ್ತದೆ. ಬ್ಲೂಟೂತ್ ವರ್ಷನ್ ಎಷ್ಟು ಅಂತಲೂ ಹೇಳಿ.

ಬದಿಯಡ್ಕ_ಮಾಷ್ಟ್ರು
ಮೊದಲು ಸ್ವಲ್ಪ ವಿವರ ಬೇಕು. ಕಿವಿಯ ಮೇಲೆ ಕೂರುವ ಆನ್-ಇಯರಾ, ಕಿವಿಯನ್ನು ಪೂರ್ತಿ ಸುತ್ತುವ ಓವರ್-ಇಯರಾ? ಮೀಟಿಂಗ್ ಫೋನಲ್ಲೋ ಲ್ಯಾಪ್‌ಟಾಪಲ್ಲೋ? ಯಾವ ಕೇಬಲಲ್ಲಿ ಚಾರ್ಜ್ ಮಾಡೂದು? ಕನ್ನಡಕ ಉಂಟಾ?

ಪೆರ್ಲದ_ತೋಟ
ಮಾಷ್ಟ್ರೆ, ಸಾಧಾರಣ ಕಪ್ಪು ಬಣ್ಣದ್ದು, ಮಡಚ್ಲಿಕ್ಕೆ ಆಗ್ತದೆ. ಎಎಸಿ ಮಾಡಿದೆ, ಪದ್ಯಕ್ಕೂ ವ್ಯತ್ಯಾಸ ಇಲ್ಲ ಮೀಟಿಂಗಿಗೂ ಇಲ್ಲ. ವರ್ಷನ್ 5.3 ಅಂತ ಬಾಕ್ಸಲ್ಲಿ ಉಂಟು.

ಕುಂಬಳೆ_ಆಡಿಯೋ
ಹಾಗಾದ್ರೆ ಫೋನೇ ಎಎಸಿಯನ್ನು ಸರಿ ಎನ್‌ಕೋಡ್ ಮಾಡ್ತಾ ಇಲ್ಲ. ಆಂಡ್ರಾಯ್ಡಲ್ಲಿ ಒಂದೊಂದು ಫೋನಿಗೆ ಒಂದೊಂದು ಥರ. ಎಲ್‌ಡಿಎಸಿ ಕೋಡೆಕ್ ಇರುವ ಸೆಟ್ ಆಗಿದ್ರೆ ಸೆಕೆಂಡಿಗೆ 990 ಕಿಲೋಬಿಟ್ ತನಕ ಡೇಟಾ ಹೋಗ್ತದೆ, ಎಸ್‌ಬಿಸಿ ಸಾಮಾನ್ಯವಾಗಿ 328ರಲ್ಲೇ ನಿಲ್ತದೆ. ಕಮ್ಮಿಯದ್ದು ತೆಗೊಂಡ್ರೆ ಇದೇ ಆಗೂದು, ನಾನು ಮೊದಲಿಂದ ಹೇಳ್ತಾ ಬಂದದ್ದು.

ಉಪ್ಪಳ_ಲೋಕಲ್
ಅಣ್ಣ, 328ರಲ್ಲೂ ಪಾಟ್ಟು (ಪದ್ಯ) ಚಂದ ಕೇಳ್ತದೆ, ಅವರೇ ಸೌಂಡ್ ಚಂದ ಉಂಟು ಅಂತ ಬರ್ದಿದ್ದಾರಲ್ಲ. ನಾನು ದಿನಾ ಟ್ರೇನಲ್ಲಿ ಮಂಗ್ಳೂರಿಗೆ ಹೋಗುವಾಗ ಹಾಕೂದು ಇದೇ ರೇಂಜಿಂದು. ನನಗೆ ಕಟ್ ಕಟ್ ಆಗ್ತಾ ಇತ್ತು, ಕಾರಣ ಫೋನ್ ಇಟ್ಟ ಕಿಸೆ. ರಿಸೀವರ್ ಒಂದು ಬದಿಯ ಕಪ್ಪಲ್ಲಿ ಇರ್ತದೆ, ಫೋನ್ ಆಚೆ ಬದಿಯ ಪ್ಯಾಂಟ್ ಕಿಸೆಯಲ್ಲಿದ್ರೆ ನಡುವೆ ಮೈ ಅಡ್ಡ ಬರ್ತದೆ, ಮೈಯ ನೀರಿನಂಶ 2.4 ಗಿಗಾಹರ್ಟ್ಸ್ ಸಿಗ್ನಲನ್ನು ಹೀರ್ತದೆ. ಕಿಸೆ ಬದ್ಲಿಸಿ ನೋಡಿ.

ಪೆರ್ಲದ_ತೋಟ
ಕಟ್ ಆಗುದಿಲ್ಲ. ಮೀಟಿಂಗಲ್ಲಿ ಮಾತ್ರ ಹಾಳಾಗೂದು. ಲ್ಯಾಪ್‌ಟಾಪಲ್ಲಿ. ಫೋನ್ ಕೂಡ ಕನೆಕ್ಟ್ ಇರ್ತದೆ, ಎರಡಕ್ಕೂ ಒಟ್ಟಿಗೆ ಆಗುವ ಮಾಡೆಲ್ ಅಂತ್ಲೇ ತೆಗೊಂಡದ್ದು. ಆನ್-ಇಯರ್. ಕನ್ನಡಕ ಉಂಟು, ಅದಕ್ಕೂ ಇದಕ್ಕೂ ಎಂತ ಸಂಬಂಧ?

ಬದಿಯಡ್ಕ_ಮಾಷ್ಟ್ರು
ಸಂಬಂಧ ಉಂಟು, ಅದು ಆಮೇಲೆ. ಮೊದಲು ಮೀಟಿಂಗಿನ ವಿಷಯ.

ಬ್ಲೂಟೂತಲ್ಲಿ ಪಾಟ್ಟು ಹೋಗುವ ದಾರಿ ಬೇರೆ, ಮಾತು ಹೋಗುವ ದಾರಿ ಬೇರೆ. ಪಾಟ್ಟಿನದ್ದು ಎ2ಡಿಪಿ, ಸ್ಟೀರಿಯೋ, ಆದ್ರೆ ಒಂದೇ ಕಡೆಗೆ ಹರಿಯೂದು, ಅದರಲ್ಲಿ ಮೈಕಿಗೆ ಜಾಗ ಇಲ್ಲ. ಹೆಡ್‌ಫೋನಿನ ಮೈಕ್ ಆನ್ ಆದ ಕ್ಷಣ ಅದು ಹ್ಯಾಂಡ್ಸ್-ಫ್ರೀ ದಾರಿಗೆ ಹಾರ್ತದೆ, ಅಲ್ಲಿ ಹೋಗುವ ಸ್ವರ ಬರುವ ಸ್ವರ ಎರಡೂ ಮೋನೋ, ಹಳೇ ಪದ್ಧತಿಯಲ್ಲಿ 8 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್, ಅಂದ್ರೆ ಸ್ವರವನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೆಯೂದು, ಸ್ವಲ್ಪ ಹೊಸತಾದ್ರೆ 16. ಸ್ಯಾಂಪ್ಲಿಂಗ್ 8 ಆದ್ರೆ ಸ್ವರದಲ್ಲಿ 4 ಕಿಲೋಹರ್ಟ್ಸ್‌ಗಿಂತ ಮೇಲಿನದ್ದೆಲ್ಲ ಹೋಯ್ತು, ‘ಸ’ ಯಾವುದು ‘ಫ’ ಯಾವುದು ಅಂತಲೇ ಗೊತ್ತಾಗುದಿಲ್ಲ. ಪೀಸ್ ಡಿಫೆಕ್ಟ್ ಅಲ್ಲ. ಎಸ್‌ಬಿಸಿ, ಎಎಸಿ, ಎಲ್‌ಡಿಎಸಿ ಇದೆಲ್ಲ ಪಾಟ್ಟಿನ ದಾರಿಯದ್ದು, ಮೀಟಿಂಗಿಗೆ ಅದ್ರಿಂದ ಏನೂ ಪ್ರಯೋಜನ ಇಲ್ಲ.

ಮಾಡ್ಬೇಕಾದ್ದು ಇಷ್ಟೇ. ಮೀಟಿಂಗ್ ಆಪಿನ ಆಡಿಯೋ ಸೆಟ್ಟಿಂಗಲ್ಲಿ ಮೈಕ್ ಅಂತ ಇರುವಲ್ಲಿ ಲ್ಯಾಪ್‌ಟಾಪಿನ ಸ್ವಂತ ಮೈಕ್ ಆರಿಸಿ, ಸ್ಪೀಕರ್ ಅಂತ ಇರುವಲ್ಲಿ ಹೆಡ್‌ಫೋನ್. ವಿಂಡೋಸ್ 10ರಲ್ಲಿ ಒಂದೇ ಹೆಡ್‌ಫೋನ್ ಎರಡು ಹೆಸರಲ್ಲಿ ಕಾಣ್ತದೆ, ಸ್ಟೀರಿಯೋ ಅಂತ ಬರ್ದದ್ದನ್ನು ತೆಗೊಳ್ಳಿ, ಹ್ಯಾಂಡ್ಸ್-ಫ್ರೀ ಅಂತ ಇರೂದನ್ನು ಬಿಡಿ. ಆಚೆಯವರಿಗೂ ಆಗ ನಿಮ್ಮ ಸ್ವರ ಸ್ಪಷ್ಟ ಹೋಗ್ತದೆ, ಯಾಕಂದ್ರೆ ಇಂಥ ಹೆಡ್‌ಫೋನಲ್ಲಿ ಮೈಕ್ ಇರೂದು ಕಿವಿಯ ಹತ್ರ, ಬಾಯಿಂದ ದೂರ, ಫ್ಯಾನ್ ಶಬ್ದ, ಶೀಟಿನ ಮಾಡಿಗೆ ಮಳೆ ಬಡಿಯುವ ಶಬ್ದ ಎಲ್ಲ ಒಟ್ಟಿಗೆ ಎತ್ತಿಕೊಂಡು ಹೋಗ್ತದೆ.

ಕುಂಬಳೆ_ಆಡಿಯೋ
ಮಾಷ್ಟ್ರೆ, ಎಲ್‌ಇ ಆಡಿಯೋ ಅಂತ ಬ್ಲೂಟೂತಿನ ಹೊಸ ಆಡಿಯೋ ಪದ್ಧತಿ ಬಂದ ಮೇಲೆ ಫೋನ್ ಕಾಲಿಗೂ ಕೋಡೆಕ್ ಲೆಕ್ಕಕ್ಕೆ ಬರ್ತದೆ. ಅದರ ಕೋಡೆಕ್ ಎಲ್‌ಸಿ3. ಕೋಡೆಕ್ ಏನೂ ಪ್ರಯೋಜನ ಇಲ್ಲ ಅಂತ ಸಾರಾಸಗಟು ಹೇಳ್ಬಾರ್ದು.

ಬದಿಯಡ್ಕ_ಮಾಷ್ಟ್ರು
ಎಲ್‌ಸಿ3 ಬೇಕಾದ್ರೆ ಲ್ಯಾಪ್‌ಟಾಪಲ್ಲೂ ಹೆಡ್‌ಫೋನಲ್ಲೂ ಎರಡರಲ್ಲೂ ಸಪೋರ್ಟ್ ಬೇಕು. 5.3 ಅಂತ ಬಾಕ್ಸಲ್ಲಿ ಬರ್ದ ಮಾತ್ರಕ್ಕೆ ಎಲ್‌ಇ ಆಡಿಯೋ ಉಂಟು ಅಂತ ಅಲ್ಲ.

ಕುಂಬಳೆ_ಆಡಿಯೋ
ಅದು ಗೊತ್ತುಂಟು. ನಾನು ಹೇಳಿದ್ದು ಮುಂದಿನ ಮಾತು.

ಹೊಸದುರ್ಗ_ರಿಪೇರಿ
ಚಾರ್ಜಿನ ವಿಷಯ ಯಾರೂ ಮುಟ್ಲಿಲ್ಲ. ಎರಡೂ ತುದಿ ಟೈಪ್-ಸಿ ಇರುವ ಕೇಬಲಲ್ಲಿ ಆಗುದಿಲ್ಲ, ಒಂದು ತುದಿ ಹಳೇ ಚಪ್ಪಟೆ ಯುಎಸ್‌ಬಿ ಇರುವ ಕೇಬಲಲ್ಲಿ ಆಗ್ತದೆ, ಅಲ್ವಾ? ನನ್ನ ಟೇಬಲಿಗೆ ‘ಸತ್ತು ಹೋಯ್ತು’ ಅಂತ ಬರುವ ಸುಮಾರು ಸೆಟ್ಟುಗಳ ಕಥೆ ಇದೇ. ಸಿ ಪೋರ್ಟ್ ಇರುವ ಸಾಧನದ ಒಳಗೆ 5.1 ಕಿಲೋಓಮಿನ ಎರಡು ಸಣ್ಣ ರೆಸಿಸ್ಟರ್ ಇರ್ಬೇಕು, ಅದನ್ನು ನೋಡಿ ಚಾರ್ಜರ್ ಕರೆಂಟ್ ಬಿಡೂದು. ಕಮ್ಮಿ ರೇಟಿನದ್ರಲ್ಲಿ ಅದನ್ನೇ ಹಾಕಿರುದಿಲ್ಲ, ಆಗ ಸಿ ಟು ಸಿ ಚಾರ್ಜರ್ ಆಚೆ ಏನೂ ಇಲ್ಲ ಅಂತ ತಿಳ್ಕೊಂಡು ಸುಮ್ಮನೆ ಇರ್ತದೆ. ಹಳೇ ಎ ತುದಿಯ ಕೇಬಲ್ ಹಾಕಿ, ಮಾಮೂಲು 5 ವೋಲ್ಟಿನ ಚಾರ್ಜರ್ ಸಾಕು. ಹೆಡ್‌ಫೋನ್ ಬಿಚ್ಲಿಕ್ಕೆ ಹೋಗ್ಬೇಡಿ.

ಪೆರ್ಲದ_ತೋಟ
ಮೀಟಿಂಗ್ ಸರಿ ಆಯ್ತು ಮಾಷ್ಟ್ರೆ! ಎರಡೂ ಕಡೆ ಸ್ಪಷ್ಟ. ಚಾರ್ಜಿದ್ದೂ ಕೇಬಲೇ, ರಿಪೇರಿ ಅಣ್ಣ ಹೇಳಿದ ಹಾಗೆ. ಕಿವಿ ನೋವು ಹಾಗೇ ಉಂಟು.

ಉಪ್ಪಳ_ಲೋಕಲ್
ಓವರ್-ಇಯರ್ ತೆಗೊಳ್ಳಿ, ಆನ್-ಇಯರ್ ಬೇಡ.

ಕುಂಬಳೆ_ಆಡಿಯೋ
ನಮ್ಮ ಸೆಕೆಗೆ ಓವರ್-ಇಯರಾ? ಕಿವಿ ಬೆಂದು ಹೋಗ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಾಕಿ ನೋಡಿ. ಇನ್-ಇಯರೇ ಒಳ್ಳೇದು, ಸಿಲಿಕಾನ್ ಟಿಪ್ ಮೂರು ಸೈಜ್ ಕೊಡ್ತಾರೆ, ಸರಿಯಾದ್ದು ಹಾಕಿದ್ರೆ ಬೇಸೂ ಬರ್ತದೆ.

ಉಪ್ಪಳ_ಲೋಕಲ್
ಇನ್-ಇಯರ್ ದಿನವಿಡೀ ಹಾಕಿದ್ರೆ ಕಿವಿಯೊಳಗೆ ಬೆವರು, ತುರಿಕೆ. ನನ್ನ ತಂಗಿಗೆ ಡಾಕ್ಟ್ರು ಸ್ವಲ್ಪ ಸಮಯ ನಿಲ್ಸಿ ಅಂತ ಹೇಳಿದ್ದಾರೆ. ಎಲ್ಲರಿಗೂ ಒಂದೇ ಮದ್ದು ಆಗುದಿಲ್ಲ ಅಣ್ಣ.

ಬದಿಯಡ್ಕ_ಮಾಷ್ಟ್ರು
ಕನ್ನಡಕದ ಸಂಬಂಧ ಈಗ ಹೇಳ್ತೇನೆ. ಆನ್-ಇಯರಿನ ಪ್ಯಾಡ್ ಕಿವಿಯನ್ನೇ ತಲೆಗೆ ಒತ್ತೂದು. ಕಿವಿಗೂ ತಲೆಗೂ ನಡುವೆ ಕನ್ನಡಕದ ಕಡ್ಡಿ ಸಿಕ್ಕಿ ಬೀಳ್ತದೆ. ಅಂದ್ರೆ ಕಿವಿಯ ಮೇಲಿನ ಮೃದು ಎಲುಬು ಹೊರಗಿಂದ ಪ್ಯಾಡ್, ಒಳಗಿಂದ ಕಡ್ಡಿ, ಎರಡರ ನಡುವೆ. ಕನ್ನಡಕ ತೆಗೆದು ಒಂದು ಗಂಟೆ ಪದ್ಯ ಕೇಳಿ ನೋಡಿ, ನೋವು ಇಲ್ಲದಿದ್ರೆ ಅದುವೇ ಕಾರಣ. ಹಾಕಿಕೊಂಡೇ ಇರ್ಬೇಕಾದ್ರೆ ಹೆಡ್‌ಫೋನ್ ಹಾಕಿದ ಮೇಲೆ ಕಡ್ಡಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ, ಕಿವಿ ಮತ್ತು ಪ್ಯಾಡಿನ ಮೇಲ್ಗಡೆ, ಕೂದಲ ಮೇಲೆ ಕೂರ್ಸಿ. ದಪ್ಪ ಪ್ಲಾಸ್ಟಿಕ್ ಕಡ್ಡಿ ಆದ್ರೆ ಮುಂದಿನ ಸಲ ತೆಳು ಲೋಹದ್ದು ತೆಗೊಳ್ಳಿ.

ಹಿಡಿತ ಬಿಗಿ ಇದ್ರೆ ರಾತ್ರಿ ತಲೆಗಿಂತ ಚೂರು ಅಗಲದ ಪುಸ್ತಕದ ಕಟ್ಟಿಗೆ ಹಾಕಿಡಿ.

ಹೊಸದುರ್ಗ_ರಿಪೇರಿ
ಪುಸ್ತಕದ ಕೆಲಸ ಹೆಡ್‌ಬ್ಯಾಂಡಿನ ಒಳಗೆ ಸ್ಟೀಲ್ ಪಟ್ಟಿ ಇದ್ರೆ ಮಾತ್ರ. ಪೂರ್ತಿ ಪ್ಲಾಸ್ಟಿಕ್ ಆದ್ರೆ ಮಡಚುವ ಜಾಗದಲ್ಲೇ ಬಿರುಕು ಬಿಡ್ತದೆ, ಅದಕ್ಕೆ ಸ್ಪೇರ್ ಸಿಗುದಿಲ್ಲ, ಗಮ್ ನಿಲ್ಲುದಿಲ್ಲ.

ಬದಿಯಡ್ಕ_ಮಾಷ್ಟ್ರು
ನಾನು ಮನೆಯ ಎರಡು ಸೆಟ್ಟಿಗೆ ಮಾಡಿದ್ದು, ಏನೂ ಆಗ್ಲಿಲ್ಲ.

ಹೊಸದುರ್ಗ_ರಿಪೇರಿ
ಅದು ಸ್ಟೀಲ್ ಇದ್ದದ್ದು ಆಗಿರ್ಬೇಕು. ಅಡ್ಜಸ್ಟ್ ಮಾಡುವ ಭಾಗ ಎಳೆದ್ರೆ ಒಳಗೆ ಬೆಳ್ಳಿ ಬಣ್ಣ ಕಾಣ್ತದಾ ನೋಡಿ, ಆಮೇಲೆ ಕಟ್ಟಿ.

ಮತ್ತೆ ಪ್ಯಾಡ್ ಬಗ್ಗೆ. ನಮ್ಮ ಕರಾವಳಿಯ ಗಾಳಿಗೆ ಈ ರೆಕ್ಸಿನ್ ಥರದ ಪಿಯು ಪ್ಯಾಡ್ ಬಾಳ್ವಿಕೆ ಬರುದಿಲ್ಲ. ಗಾಳಿಯ ನೀರಿನಂಶ ಸೇರಿ ಪಿಯು ಒಳಗಿಂದಲೇ ಕಡಿದು ಹೋಗ್ತದೆ, ಮಳೆಗಾಲದ ಆಟಿ ತಿಂಗಳು ಕಳಿಯುವಾಗ ಕೆನ್ನೆಗೆಲ್ಲ ಕಪ್ಪು ಹುಡಿ ಅಂಟ್ಲಿಕ್ಕೆ ಸುರು. ಬಳಸದೆ ಕವರಲ್ಲಿ ಕಟ್ಟಿಟ್ಟರೂ ಹುಡಿ ಆಗೂದು ತಪ್ಪುದಿಲ್ಲ. ಹಾಕಿ ತೆಗೆದ ಮೇಲೆ ಒಣ ಬಟ್ಟೆಯಲ್ಲಿ ಬೆವರು ಒರ್ಸಿ, ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಿಸಿಲಿಗೆ ಇಡ್ಬೇಡಿ. ಪ್ಯಾಡ್ ಬದ್ಲಿಸುವಾಗ ಬಟ್ಟೆಯ ಮುಖ ಇರೂದು ಹಾಕಿ, ಸೆಕೆ ಕಮ್ಮಿ, ಕಡ್ಡಿ ಒತ್ತೂದೂ ಕಮ್ಮಿ. ಬೇಸ್ ಸ್ವಲ್ಪ ಇಳೀತದೆ.

ಪೆರ್ಲದ_ತೋಟ
ಕನ್ನಡಕ ತೆಗೆದು ನೋಡಿದೆ, ನೋವು ಇಲ್ಲ. ಆದ್ರೆ ತೆಗೆದ್ರೆ ಸ್ಕ್ರೀನ್ ಕಾಣುದಿಲ್ಲ! ಬಟ್ಟೆ ಪ್ಯಾಡೇ ಹಾಕ್ತೇನೆ. ಬೇಸ್ ಇಳಿದ್ರೆ ನನಗೆ ಸಂತೋಷವೇ, ತಾಳಮದ್ದಳೆ ಕೇಳುವಾಗ ಮದ್ದಳೆಯ ಧಿಂಕಾರ ಭಾಗವತರ ಸ್ವರವನ್ನೇ ಮುಚ್ಚಿ ಹಾಕ್ತದೆ, ಅರ್ಥಧಾರಿಯ ಮಾತು ಮಂಕು. ಯಾಕೆ ಎಲ್ಲದ್ರಲ್ಲೂ ಇಷ್ಟು ಬೇಸ್ ತುಂಬ್ಸೂದು?

ಕುಂಬಳೆ_ಆಡಿಯೋ
ಇಕ್ವಲೈಜರಲ್ಲಿ 100ರಿಂದ 250 ಹರ್ಟ್ಸ್ ನಡುವೆ ಸ್ವಲ್ಪ ಇಳ್ಸಿ, 2ರಿಂದ 4 ಕಿಲೋಹರ್ಟ್ಸ್ ಚೂರು ಏರ್ಸಿ. ಮಾತು ಎದ್ದು ಬರ್ತದೆ. ಚೆಂಡೆಯ ಪೆಟ್ಟು ಕಿವಿಗೆ ಚುಚ್ಚಿದ್ರೆ ಏರ್ಸಿದ್ದನ್ನು ಅರ್ಧ ಮಾಡಿ. ಇದಂತೂ ಕೋಡೆಕ್‌ಗಿಂತ ದೊಡ್ಡ ವ್ಯತ್ಯಾಸ ಕೊಡ್ತದೆ.

ನನ್ನಲ್ಲಿ ತಾಳಮದ್ದಳೆಗೆ ಹೆಡ್‌ಫೋನೇ ಅಲ್ಲ. ಹಲಸಿನ ಹಲಗೆಯಲ್ಲಿ ನಾನೇ ಮಾಡಿದ ಬಾಕ್ಸ್, ಆರೂವರೆ ಇಂಚಿನ ಫುಲ್‌ರೇಂಜ್ ಡ್ರೈವರ್, ಹಳೇ ಆಂಪ್. ಚಾವಡಿಯಲ್ಲಿ ಹಾಕಿದ್ರೆ ಅಂಗಳದಲ್ಲಿ ಅಡಿಕೆ ಸುಲಿಯುವವರಿಗೂ ಒಂದೊಂದು ಅಕ್ಷರ ಕೇಳ್ತದೆ.

ಉಪ್ಪಳ_ಲೋಕಲ್
ಫೋಟೋ ಹಾಕಿ ಅಣ್ಣ. ಬಾಕ್ಸ್ ಪೂರ್ತಿ ಮುಚ್ಚಿದ ಸೀಲ್ಡಾ, ಗಾಳಿಗೆ ತೂತು ಇರುವ ಪೋರ್ಟೆಡ್ಡಾ?

ಕುಂಬಳೆ_ಆಡಿಯೋ
ಪೋರ್ಟೆಡ್. ಹಲಸು ಚೆನ್ನಾಗಿ ಒಣಗಿರ್ಬೇಕು, ಇಲ್ಲದಿದ್ರೆ ಮಳೆಗಾಲದಲ್ಲಿ ಸಂದು ಬಿಡ್ತದೆ. ಫೋಟೋ ನಾಳೆ.

ಪೆರ್ಲದ_ತೋಟ
ಪ್ಯಾಡ್ ಆರ್ಡರ್ ಮಾಡ್ಲಿಕ್ಕೆ ಹೋದ್ರೆ ಸೈಜ್ ಕೇಳ್ತದೆ, 60, 65, 70 ಎಂಎಂ. ನನ್ನದು ಯಾವುದು ಅಂತ ಹೇಗೆ ನೋಡೂದು? ಪ್ಯಾಡ್ ಕಿತ್ತು ಅಳೆಯೂದಾ?

ಹೊಸದುರ್ಗ_ರಿಪೇರಿ
ಕೀಳೂದು ಬೇಡ. ಸ್ಕೇಲ್ ಇಟ್ಟು ಪ್ಯಾಡಿನ ಹೊರಗಿನ ಅಂಚಿಂದ ಅಂಚಿಗೆ ಅಳೆಯಿರಿ, ಪೂರ್ತಿ ಉರುಟು ಅಲ್ಲದಿದ್ರೆ ಉದ್ದ ಅಗಲ ಎರಡೂ ಬೇಕು. ಅಳತೆ ಇಲ್ಲಿ ಹಾಕಿ, ಒಳಗೆ ಕ್ಲಿಪ್ಪಾ ಅಂಟಾ ಅಂತಲೂ ಒಂದು ಬದಿ ಮೆಲ್ಲ ಎತ್ತಿ ನೋಡಿ ಹೇಳಿ. ಅಂಟು ಆದ್ರೆ ಡಬಲ್ ಟೇಪ್ ಕೂಡ ತರ್ಸ್ಬೇಕಾಗ್ತದೆ.