ಕೊವಾಲ್ಸ್ಕಿ, ಕೊವಾಚ್, ಕುಜ್ನೆತ್ಸೊವ್: ಕಮ್ಮಾರನ ಹೆಸರಿಗೆ ಸೀಮೆಗೊಂದು ಬಾಲ

ಗೆಳೆಯರೇ,

ಪೋಲೆಂಡಿನಲ್ಲಿ ಯಾರೋ ಒಬ್ಬ ಸಾಮಾನ್ಯ ಮನುಷ್ಯನ ಬಗ್ಗೆ ಮಾತಾಡಬೇಕಾದರೆ ಅವನನ್ನು 'ಯಾನ್ ಕೊವಾಲ್ಸ್ಕಿ' ಅಂತಾರೆ. ಅರ್ಜಿ ಹೇಗೆ ತುಂಬಬೇಕು ಅಂತ ತೋರಿಸುವ ಮಾದರಿಯಲ್ಲೂ ಇದೇ ಹೆಸರು ಇರುತ್ತದೆ. ಹೆಂಗಸಾದರೆ ಕೊವಾಲ್ಸ್ಕಾ. ಈ ಅಡ್ಡಹೆಸರಿಗೆ ಅರ್ಥ ಏನು ಎಂದು ಹುಡುಕಿದರೆ 'ಕಮ್ಮಾರ' ಅಂತ ಒಂದೇ ಪದದ ಉತ್ತರ ಸಿಗುತ್ತದೆ. ಅದು ಅರ್ಧ ಉತ್ತರ ಮಾತ್ರ. ಹೆಸರಿನ ಬುಡ ಕಸುಬನ್ನು ಹೇಳುತ್ತದೆ, ನಿಜ. ಆದರೆ ಆ ಮನೆತನ ಯಾವ ಸೀಮೆಯದು, ಹೆಸರು ಯಾವ ದಾರಿಯಲ್ಲಿ ಬಂತು ಅನ್ನೋದು ಇರುವುದು ಬಾಲದಲ್ಲಿ, ಅಂದರೆ ಹೆಸರಿನ ಕೊನೆಗೆ ಹತ್ತುವ ಪ್ರತ್ಯಯದಲ್ಲಿ. ನಮ್ಮ ಪತ್ರಿಕೆಗಳಲ್ಲಿ ಈ ಹೆಸರುಗಳನ್ನು ಬರೆಯುವಾಗ ಜಾಸ್ತಿ ಕೆಡುವುದೂ ಬಾಲವೇ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. (ಅಡ್ಡಹೆಸರು ಅನ್ನೋದನ್ನು ಉತ್ತರ ಕರ್ನಾಟಕದವರ ಅರ್ಥದಲ್ಲಿ, ಅಂದರೆ ಸರ್‌ನೇಮ್ ಎಂಬ ಅರ್ಥದಲ್ಲಿ, ಬಳಸಿದ್ದೇನೆ.)

ಮೊದಲು ಬುಡ. ರಷ್ಯನ್, ಪೋಲಿಷ್, ಚೆಕ್ ಮುಂತಾದವುಗಳ ತಾಯಿಯಾದ ಹಳೆಯ ಸ್ಲಾವಿಕ್ ಭಾಷೆಯಲ್ಲಿ 'ಕೊವಾತಿ' ಎಂಬ ಕ್ರಿಯಾಪದ ಇತ್ತು. ಬಡಿ, ಕಾಯಿಸಿ ತಟ್ಟು ಎಂದು ಅರ್ಥ. ಇಂಗ್ಲಿಷಿನ 'ಹ್ಯೂ', ಜರ್ಮನ್ನಿನ 'ಹೌವನ್' ಇದರ ದೂರದ ನೆಂಟರು. ಆ ಕ್ರಿಯಾಪದ ಇವತ್ತಿಗೂ ಬಳಕೆಯಲ್ಲಿದೆ. ಕಬ್ಬಿಣ ಕಾದಾಗಲೇ ಬಡಿಯಬೇಕು ಅಂತ ನಾವು ಹೇಳುತ್ತೇವಲ್ಲ, ರಷ್ಯನ್ನರೂ ಪೋಲಿಷರೂ ಇದೇ ಕ್ರಿಯಾಪದ ಹಾಕಿ ಅದೇ ಗಾದೆ ಹೇಳುತ್ತಾರೆ. ಕುದುರೆ ಲಾಳಕ್ಕೆ 'ಪೊದ್‌ಕೊವಾ', ಕಮ್ಮಾರ ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿಗೆ ರಷ್ಯನ್ನಿನಲ್ಲಿ 'ನಕೊವಾಲ್ನ್ಯಾ'. ಎರಡರೊಳಗೂ ಇದೇ ಧಾತು ಇದೆ. ರಷ್ಯನ್ನಿನಲ್ಲಿ 'ಕೊವಾರ್ನಿ' ಅಂದರೆ ಕುತಂತ್ರಿ, ಒಳಗೊಳಗೇ ಹೊಂಚು ಹಾಕುವವನು. ಅದೂ ಇಲ್ಲಿಂದಲೇ ಬಂದದ್ದು. ಬೆಂಕಿಯ ಜೊತೆ ಕೆಲಸ ಮಾಡುವವನ ಬಗ್ಗೆ ಹಳ್ಳಿಯವರಿಗೆ ಗೌರವದ ಜೊತೆ ಒಂದಿಷ್ಟು ಭಯವೂ ಇತ್ತು.

ಈ ಒಂದು ಧಾತುವಿನಿಂದ ಕಮ್ಮಾರನಿಗೆ ಬೇರೆ ಬೇರೆ ಪದಗಳು ಹುಟ್ಟಿಕೊಂಡವು. ಪೋಲಿಷ್, ಉಕ್ರೇನಿಯನ್, ಬೆಲರೂಸಿಯನ್ನಿನವರು 'ಕೊವಾಲ್' ಹಿಡಿದರು. ಸರ್ಬಿಯನ್, ಕ್ರೊಯೇಷಿಯನ್, ಸ್ಲೊವೀನಿಯನ್, ಸ್ಲೊವಾಕ್ ಭಾಷೆಗಳಲ್ಲಿ 'ಕೊವಾಚ್' ನಿಂತಿತು. ಚೆಕ್ಕರದು 'ಕೊವಾರ್ಶ್'. ಅದರ ಕೊನೆಯ ವ್ಯಂಜನ ನಮ್ಮ ಲಿಪಿಗೆ ಸರಿಯಾಗಿ ಸಿಗುವುದಿಲ್ಲ, ರಕಾರ ಶಕಾರ ಎರಡನ್ನೂ ಒಟ್ಟಿಗೇ ಹೇಳಿದಂತೆ ಕೇಳಿಸುತ್ತದೆ. ರಷ್ಯನ್ನರು ಮಾತ್ರ 'ಕುಜ್ನೆತ್ಸ್' ಅಂದರು. ಮೇಲ್ನೋಟಕ್ಕೆ ಇದು ಬೇರೆ ಪದ ಅನ್ನಿಸುತ್ತದೆ, ಆದರೆ ಅಲ್ಲ. ಬಡಿದು ಮಾಡಿದ ವಸ್ತುವಿಗೆ ಹಳೆಯ ಭಾಷೆಯಲ್ಲಿ 'ಕುಜ್ನ್' ಅನ್ನುತ್ತಿದ್ದರು. ಅದನ್ನು ಮಾಡುವವನು ಕುಜ್ನೆತ್ಸ್. ಉಕ್ರೇನಿನಲ್ಲಿ ಕಮ್ಮಾರ ಕೊವಾಲ್ ಆದರೂ ಅವನ ಕುಲುಮೆ 'ಕುಜ್ನ್ಯಾ'. ಪೋಲಿಷಿನಲ್ಲೂ ಹಾಗೆಯೇ. ಎರಡು ಪದಗಳೂ ಒಂದೇ ಮನೆಯಲ್ಲಿ ಉಳಿದುಕೊಂಡಿವೆ ನೋಡಿ.

ಈಗ ಬಾಲಗಳಿಗೆ ಬರೋಣ.

ರಷ್ಯನ್ನಿನ 'ಒವ್' ನಮ್ಮ ಷಷ್ಠಿಯ ಹಾಗೆ. ಕುಜ್ನೆತ್ಸೊವ್ ಅಂದರೆ 'ಕಮ್ಮಾರನ'. ಮಗ ಎಂಬ ಮಾತು ಹಿಂದೆ ಅದರ ಪಕ್ಕದಲ್ಲೇ ಇರುತ್ತಿತ್ತು, ಆಮೇಲೆ ಬಿಟ್ಟುಹೋಯಿತು. ಹೆಂಗಸಿಗೆ ಕುಜ್ನೆತ್ಸೊವಾ. 2004ರಲ್ಲಿ ಅಮೆರಿಕನ್ ಓಪನ್, 2009ರಲ್ಲಿ ಫ್ರೆಂಚ್ ಓಪನ್ ಗೆದ್ದ ಸ್ವೆತ್ಲಾನಾ ಕುಜ್ನೆತ್ಸೊವಾ ನೆನಪಿರಬೇಕಲ್ಲ? ರಷ್ಯಾದ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ಇದು ಮುಂಚೂಣಿಯದು. ಆದರೆ ದೇಶದ ತುಂಬ ಒಂದೇ ಸಮ ಹರಡಿಲ್ಲ. ವ್ಲಾದಿಮಿರ್ ನಿಕೊನೊವ್ ಎಂಬ ವಿದ್ವಾಂಸರು ಹಳೆಯ ಪಟ್ಟಿಗಳನ್ನು ಹಿಡಿದು, ಯಾವ ಸೀಮೆಯಲ್ಲಿ ಯಾವ ಹೆಸರು ಜಾಸ್ತಿ ಅಂತ ಗುರುತಿಸಿದ್ದರು. ವಾಯವ್ಯಕ್ಕೆ ಇವಾನೊವ್, ಉತ್ತರಕ್ಕೆ ಪೊಪೊವ್, ವೋಲ್ಗಾದ ಮೇಲಣ ಬಯಲಿಗೆ ಸ್ಮಿರ್ನೊವ್, ಮಾಸ್ಕೋದ ಪೂರ್ವ ಮತ್ತು ಆಗ್ನೇಯಕ್ಕೆ ಕುಜ್ನೆತ್ಸೊವ್. ರಷ್ಯಾದ ದಕ್ಷಿಣ, ಪಶ್ಚಿಮದ ಅಂಚುಗಳಲ್ಲಿ ಆಡುಮಾತಿನ 'ಕೊವಾಲ್' ಬಳಕೆಯಲ್ಲಿದ್ದದ್ದರಿಂದ ಅಲ್ಲಿ ಕುಜ್ನೆತ್ಸೊವ್ ಕಡಿಮೆ, ಕೊವಲ್ಯೊವ್ ಜಾಸ್ತಿ. ಅರ್ಥಶಾಸ್ತ್ರ ಓದಿದವರಿಗೆ ಕುಜ್ನೆಟ್ಸ್ ವಕ್ರರೇಖೆ ಗೊತ್ತಿರುತ್ತದೆ. 1971ರಲ್ಲಿ ನೊಬೆಲ್ ಪಡೆದ ಸೈಮನ್ ಕುಜ್ನೆಟ್ಸ್ ಹುಟ್ಟಿದ್ದು 1901ರಲ್ಲಿ, ಈಗ ಬೆಲರೂಸಿನಲ್ಲಿರುವ ಪಿನ್ಸ್ಕ್ ಊರಿನ ಯಹೂದಿ ಮನೆಯಲ್ಲಿ. ಅವರ ಹೆಸರಿಗೆ ಬಾಲವೇ ಇಲ್ಲ, ಕಸುಬಿನ ಪದ ಹಾಗೆ ಹಾಗೇ ನಿಂತಿದೆ.

ಉಕ್ರೇನಿನ ಬಾಲಗಳು ನನಗೆ ಎಲ್ಲಕ್ಕಿಂತ ಇಷ್ಟ. ಕೊವಾಲೆಂಕೊ ಅಂದರೆ ಕಮ್ಮಾರನ ಮಗ. 'ಎಂಕೊ' ಮಧ್ಯ ಮತ್ತು ಪೂರ್ವ ಉಕ್ರೇನಿನ ಗುರುತು. 1649ರಲ್ಲಿ ಬರೆದ ಕೊಸಾಕ್ ಸೈನಿಕರ ಪಟ್ಟಿಯಲ್ಲಿ ಎಂಕೊಗಳು ರಾಶಿ ರಾಶಿ ಇವೆ. ಪಶ್ಚಿಮಕ್ಕೆ, ವೊಲಿನ್ ಕಡೆಗೆ ಹೋದರೆ ಕೊವಾಲ್ಚುಕ್ ಸಿಗುತ್ತದೆ. ಅದು ಕಮ್ಮಾರನ ಹುಡುಗ, ಅಥವಾ ಕುಲುಮೆಯಲ್ಲಿ ಕೆಲಸ ಕಲಿಯುತ್ತಿದ್ದವನು. ಇನ್ನೂ ಪಶ್ಚಿಮಕ್ಕೆ, ಲ್ವಿವ್ ಸುತ್ತಿನ ಗಲಿಷಿಯಾದಲ್ಲಿ 'ಕೊವಾಲಿಶಿನ್' ಅಂತ ಒಂದು ಹೆಸರಿದೆ. ಇದನ್ನು ಬಿಡಿಸಿದರೆ ಒಳಗೆ ಒಬ್ಬ ಹೆಂಗಸು ಕಾಣುತ್ತಾಳೆ. ಕೊವಾಲಿಖಾ ಅಂದರೆ ಕಮ್ಮಾರಗಿತ್ತಿ. ಕೊವಾಲಿಶಿನ್ ಅವಳ ಮಗ. ಗಂಡ ಸತ್ತ ಮೇಲೆ ಸಂಸಾರ ನಡೆಸಿದವಳೋ, ಊರಲ್ಲಿ ಗಂಡನಿಗಿಂತ ಹೆಸರು ಮಾಡಿದವಳೋ ಇದ್ದರೆ ಮಕ್ಕಳನ್ನು ತಾಯಿಯ ಹೆಸರಿನಿಂದಲೇ ಕರೆಯುತ್ತಿದ್ದರು. ಕಸುಬು ಗಂಡಸಿನದು, ಹೆಸರು ಬಂದದ್ದು ಹೆಂಗಸಿನಿಂದ.

ಬೆಲರೂಸಿನವರು ಒತ್ತಿ ಹೇಳದ ಒಕಾರವನ್ನು ಅಕಾರ ಮಾಡಿಯೇ ಬರೆಯುತ್ತಾರೆ. ಹಾಗಾಗಿ ಕೊವಾಲೆಂಕೊ ಅಲ್ಲಿ ಕವಾಲೆಂಕಾ. ಟೆನಿಸ್ ಆಟಗಾರ್ತಿ ಅರಿನಾ ಸಬಲೆಂಕಾ ಹೆಸರಿನ ಕೊನೆ ಇದೇ 'ಎಂಕಾ'. ಸುಮಾರು ಜನ ಅದನ್ನು ಹೆಣ್ಣಿನ ಪ್ರತ್ಯಯ ಅಂದುಕೊಳ್ಳುತ್ತಾರೆ. ಅಲ್ಲ, ಅವಳ ಅಪ್ಪನೂ ಸಬಲೆಂಕಾನೇ. ಕುಜ್ನೆತ್ಸೊವಾದ 'ಆ' ಹೆಣ್ಣಿನದು, ಸಬಲೆಂಕಾದ 'ಆ' ಸುಮ್ನೆ ಉಚ್ಚಾರದ್ದು.

ಇನ್ನು ಪೋಲೆಂಡ್. 'ಸ್ಕಿ' ಮೊದಮೊದಲು ಜಮೀನುದಾರರ ಬಾಲ. ಇಂಥ ಊರಿನವನು ಎಂದು ಹೇಳುವುದಕ್ಕೆ ಅದನ್ನು ಊರ ಹೆಸರಿಗೆ ಹಚ್ಚುತ್ತಿದ್ದರು. ಕೊವಾಲೆ, ಕೊವಾಲೆವೊ ಎಂಬ ಊರುಗಳು ಪೋಲೆಂಡಿನಲ್ಲಿ ಹಲವಾರಿವೆ. ಅವುಗಳ ಒಡೆಯ ಕೊವಾಲ್ಸ್ಕಿಯೋ ಕೊವಾಲೆವ್ಸ್ಕಿಯೋ ಆಗುತ್ತಿದ್ದ. ಅವನು ಸುತ್ತಿಗೆ ಹಿಡಿದವನೇ ಅಲ್ಲ. ಆಮೇಲೆ ಈ ಬಾಲಕ್ಕೆ ಘನತೆ ಇದೆ ಅಂತ ಪಟ್ಟಣದವರೂ ರೈತರೂ ಅದನ್ನು ಹಚ್ಚಿಕೊಂಡರು, ಕಮ್ಮಾರನ ಮಕ್ಕಳೂ ಹಚ್ಚಿಕೊಂಡರು. ಹಾಗಾಗಿ ಇವತ್ತು ಒಬ್ಬ ಕೊವಾಲ್ಸ್ಕಿಯನ್ನು ನೋಡಿ ಇವನ ಮುತ್ತಜ್ಜ ಕಮ್ಮಾರ ಅಂತ ಹೇಳಿಬಿಡುವ ಹಾಗಿಲ್ಲ. ಕೊವಾಲ್ಚಿಕ್ ಆದರೆ ಹೇಳಬಹುದು, ಅದು ನೇರವಾಗಿ ಕಸುಬಿನಿಂದ ಬಂದದ್ದು. ಸಂಖ್ಯೆಯಲ್ಲಿ ಪೋಲೆಂಡಿನ ಮೊದಲ ಹೆಸರು ನೊವಾಕ್, ಅಂದರೆ ಊರಿಗೆ ಹೊಸಬ. ಸುಮಾರು 2 ಲಕ್ಷ ಜನ. ಎರಡನೆಯದು ಕೊವಾಲ್ಸ್ಕಿ.

ಈ ಹೆಸರು ಕರ್ನಾಟಕಕ್ಕೂ ಬಂದಿದೆ. ಮಂಗಳೂರು ಕಡೆಯ ಕಥೋಲಿಕ ಮನೆಗಳಲ್ಲಿ, ಎದೆಯಿಂದ ಕೆಂಪು ಮತ್ತು ಬಿಳಿ ಕಿರಣ ಹೊರಡುವ ಯೇಸುವಿನ ಪಟ ನೋಡಿರುತ್ತೀರಿ. ಆ ದೈವಿಕ ಕರುಣೆಯ ಭಕ್ತಿಯನ್ನು ಶುರು ಮಾಡಿದ ಸಂತ ಫೌಸ್ತಿನಾ ಅವರ ಮನೆಯ ಹೆಸರು ಹೆಲೆನಾ ಕೊವಾಲ್ಸ್ಕಾ. 1905ರಲ್ಲಿ ಗ್ವೊಗೊವಿಯೆತ್ಸ್ ಎಂಬ ಹಳ್ಳಿಯಲ್ಲಿ ಹುಟ್ಟಿ, 1938ರಲ್ಲಿ ತೀರಿಕೊಂಡರು. 2000ದಲ್ಲಿ ಸಂತ ಪದವಿ ಸಿಕ್ಕಿತು. ಅವರ ತಂದೆ ರೈತ, ಜೊತೆಗೆ ಬಡಗಿ. ಹೆಸರು ಕಮ್ಮಾರನದು, ಕೈಯಲ್ಲಿದ್ದದ್ದು ಉಳಿ!

ದಕ್ಷಿಣದ ಸ್ಲಾವಿಕ್ ನಾಡುಗಳ 'ಇಚ್' ಮೂಲತಃ 'ಪುಟ್ಟ' ಎಂಬ ಅರ್ಥದ್ದು. ಕೊವಾಚಿಚ್ ಅಂದರೆ ಪುಟ್ಟ ಕಮ್ಮಾರ, ಕಮ್ಮಾರನ ಕುಡಿ. ಕೊವಾಚೆವಿಚ್ ಕ್ರೊಯೇಷಿಯಾದಲ್ಲಿ ಹೊರ್ವಾತ್ ಆದಮೇಲೆ ಅತಿ ಹೆಚ್ಚು ಕಾಣುವ ಹೆಸರು. ಸ್ಲೊವೀನಿಯಾದಲ್ಲಿ ನೊವಾಕ್, ಹೊರ್ವಾತ್ ಆದಮೇಲೆ ಕೊವಾಚಿಚ್. ಫುಟ್‌ಬಾಲ್ ನೋಡುವವರಿಗೆ ಮಾತೆಯೊ ಕೊವಾಚಿಚ್ ಗೊತ್ತು. ಸ್ವತಂತ್ರ ಸ್ಲೊವಾಕಿಯಾದ ಮೊದಲ ಅಧ್ಯಕ್ಷ, 1993ರಿಂದ 1998ರವರೆಗೆ ಇದ್ದ ಮಿಖಾಲ್ ಕೊವಾಚ್, ಬಾಲವಿಲ್ಲದ ಹೆಸರಿನವರು. ಹಂಗೇರಿಯವರದು ಸ್ಲಾವಿಕ್ ಭಾಷೆಯೇ ಅಲ್ಲ. ಆದರೂ ಕಮ್ಮಾರನ ಪದವನ್ನು ನೆರೆಯವರಿಂದ ಎರವಲು ತಂದರು. ಇವತ್ತು ಕೊವಾಚ್ ಅಲ್ಲಿನ ಮೊದಲ ಐದು ಅಡ್ಡಹೆಸರುಗಳಲ್ಲಿ ಒಂದು.

ಇಷ್ಟೊಂದು ಕಮ್ಮಾರರು ಎಲ್ಲಿಂದ ಬಂದರು? ಈ ಪ್ರಶ್ನೆ ಸಹಜ. ನಿಜ ಏನೆಂದರೆ, ಕಮ್ಮಾರರು ಕಡಿಮೆ ಇದ್ದದ್ದರಿಂದಲೇ ಈ ಹೆಸರು ಜಾಸ್ತಿ ಆಯಿತು. ಊರಲ್ಲಿ ಎಲ್ಲರೂ ಉಳುವವರೇ ಆದರೆ 'ಉಳುವವನು' ಅಂತ ಕರೆದು ಯಾರನ್ನು ಗುರುತಿಸುತ್ತೀರಿ? ಕುಲುಮೆ ಊರಿಗೊಂದೇ. ಗುಳ, ಕುಡುಗೋಲು, ಲಾಳ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. 'ಕಮ್ಮಾರನ ಮಗ ಇವಾನ' ಅಂದರೆ ಊರಿಗೆಲ್ಲ ತಿಳಿಯುತ್ತದೆ. ಹೀಗೆ ಊರೂರಲ್ಲೂ ಒಂದೊಂದು ಮನೆಗೆ ಇದೇ ಹೆಸರು ಬಿತ್ತು. ಅವಕ್ಕೆ ಒಂದಕ್ಕೊಂದು ರಕ್ತಸಂಬಂಧ ಬೇಕಿಲ್ಲ. ಇಂಗ್ಲಿಷರ ಸ್ಮಿತ್, ಜರ್ಮನ್ನರ ಶ್ಮಿಟ್, ಇಟಲಿಯ ಫೆರಾರಿ, ಅರಬ್ಬರ ಹದ್ದಾದ್ ಎಲ್ಲ ಇದೇ ಕಾರಣಕ್ಕೆ ಹಬ್ಬಿದವು. ಉಕ್ರೇನಿನ ಅತಿ ಸಾಮಾನ್ಯ ಹೆಸರುಗಳನ್ನೇ ನೋಡಿ: ಮೆಲ್ನಿಕ್ ಹಿಟ್ಟಿನ ಗಿರಣಿಯವನು, ಶೆವ್ಚೆಂಕೊ ಚಮ್ಮಾರನ ಮಗ, ಬೊಂದರೆಂಕೊ ಪೀಪಾಯಿ ಮಾಡುವವನ ಮಗ, ತ್ಕಚೆಂಕೊ ನೇಕಾರನ ಮಗ.

ಊರ ಬಾಯಲ್ಲಿದ್ದ ಹೆಸರು ಕಾಗದಕ್ಕೆ ಇಳಿದದ್ದು ಒಂದೊಂದು ಕಡೆ ಒಂದೊಂದು ಕಾಲಕ್ಕೆ. 1545ರಿಂದ 1563ರವರೆಗೆ ನಡೆದ ಬಿಷಪ್ಪರ ಟ್ರೆಂಟ್ ಸಭೆಯ ನಂತರ ಕಥೋಲಿಕ ಚರ್ಚುಗಳಲ್ಲಿ ಮದುವೆ, ದೀಕ್ಷಾಸ್ನಾನದ ದಾಖಲೆ ಕಡ್ಡಾಯವಾಯಿತು, ಕ್ರೊಯೇಷಿಯಾದ ಹೆಸರುಗಳು ಬೇಗ ನಿಂತವು. ರಷ್ಯಾದ ರೈತರಲ್ಲಿ ಬಹಳ ಜನಕ್ಕೆ ಅಡ್ಡಹೆಸರು ಗಟ್ಟಿಯಾದದ್ದು 1861ರಲ್ಲಿ ಜೀತ ರದ್ದಾದ ಮೇಲೆ.

ಕಮ್ಮಾರನಿಗೆ ಅಲ್ಲಿ ಎಂಥ ಸ್ಥಾನ ಇತ್ತು ಅನ್ನೋದಕ್ಕೆ ಉಕ್ರೇನಿನ ಒಂದು ಜನಪದ ಕಥೆ ಹೇಳಲೇಬೇಕು. ಕುಜ್ಮಾ, ದೆಮ್ಯಾನ್ ಎಂಬ ಇಬ್ಬರು ಸಂತರು ಕಮ್ಮಾರರು. ಜನರನ್ನು ತಿನ್ನುತ್ತಿದ್ದ ಘಟಸರ್ಪ ಒಂದು ದಿನ ಅವರ ಕುಲುಮೆಗೇ ಬಂತು. ಇವರು ಕಬ್ಬಿಣದ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಸರ್ಪ ಬಾಗಿಲನ್ನು ನೆಕ್ಕಿ ನೆಕ್ಕಿ ತೂತು ಮಾಡಿ ನಾಲಗೆ ಒಳಕ್ಕೆ ಹಾಕಿತು. ಕಾದ ಇಕ್ಕಳದಿಂದ ಆ ನಾಲಗೆ ಹಿಡಿದು, ನೇಗಿಲಿಗೆ ಕಟ್ಟಿ, ಅದರಿಂದ ನೆಲ ಉಳುವಂತೆ ಮಾಡಿಬಿಟ್ಟರು. ಕೀವ್‌ನ ದಕ್ಷಿಣಕ್ಕೆ ಇರುವ ಹಳೆಯ ಮಣ್ಣಿನ ಒಡ್ಡುಗಳು ಆ ನೇಗಿಲಿನ ಸಾಲು ಅಂತ ನಂಬಿಕೆ. ಅವುಗಳಿಗೆ ಸರ್ಪದ ಒಡ್ಡುಗಳು ಎಂದೇ ಹೆಸರು. ಕುಜ್ಮಾ ಎಂಬುದು ಗ್ರೀಕಿನ ಕೊಸ್ಮಾಸ್, ಕುಲುಮೆಗೂ ಅದಕ್ಕೂ ಸಂಬಂಧ ಇಲ್ಲ. 'ಕುಜ್ನ್ಯಾ' ಜೊತೆ ದನಿ ಹೊಂದಿದ್ದೇ ಅವನನ್ನು ಕಮ್ಮಾರ ಮಾಡಲು ಸಾಕಾಯಿತು.

ಈಗ ನನ್ನ ಎರಡು ಪ್ರಶ್ನೆಗಳು.

ಒಂದು, ಬರವಣಿಗೆಯದು. ಈ ಹೆಸರುಗಳು ನಮಗೆ ಇಂಗ್ಲಿಷ್ ಸುದ್ದಿಯ ಮೂಲಕ ಬರುತ್ತವೆ. ಅಲ್ಲಿ ಅಕ್ಷರದ ಮೇಲಿನ ಗುರುತು ಬಿದ್ದುಹೋಗಿರುತ್ತದೆ. ಆಗ ಕೊವಾಚಿಚ್ ಕನ್ನಡದಲ್ಲಿ 'ಕೊವಾಸಿಕ್' ಆಗುತ್ತದೆ, ಹಂಗೇರಿಯ ಕೊವಾಚ್ 'ಕೊವಾಕ್ಸ್' ಆಗುತ್ತದೆ, ಜೊಕೊವಿಚ್ ಕೂಡ ಕೆಲವೊಮ್ಮೆ 'ಜೊಕೊವಿಕ್' ಆದದ್ದುಂಟು. ಚಕಾರ ನಮ್ಮಲ್ಲೇ ಇರುವಾಗ ಇಂಗ್ಲಿಷಿನ ಕೊರತೆಯನ್ನು ನಾವೇಕೆ ಹೊರಬೇಕು? 'ಇಚ್' ಅನ್ನು ಯಾವಾಗಲೂ 'ಇಚ್' ಎಂದೇ ಬರೆಯೋಣ, ಪೋಲಿಷ್ ಹೆಸರಿನಲ್ಲಿ ಡಬ್ಲ್ಯೂ ಕಂಡರೆ ವಕಾರವೇ ಅಂತ ತಿಳಿಯೋಣ ಎಂಬುದು ನನ್ನ ಸಲಹೆ. ಉಳಿಯುವುದು ದೀರ್ಘದ ಮಾತು. ಚೆಕ್, ಸ್ಲೊವಾಕ್, ಹಂಗೇರಿಯನ್ನಿನಲ್ಲಿ ದೀರ್ಘ ಸ್ವರಕ್ಕೆ ಗುರುತಿದೆ, ಅದನ್ನು ಹಾಗೇ ತರಬಹುದು. ಪೋಲಿಷ್, ಉಕ್ರೇನಿಯನ್, ರಷ್ಯನ್ನಿನಲ್ಲಿ ದೀರ್ಘ ಇಲ್ಲ, ಒತ್ತು (ಒಂದು ಸ್ವರವನ್ನು ಒತ್ತಿ ಹೇಳುವುದು) ಮಾತ್ರ ಇದೆ. ಕೊವಾಲ್ಸ್ಕಿಯಲ್ಲಿ ಒತ್ತು 'ವಾ' ಮೇಲಿದೆ, ಸರಿ. ಆದರೆ ಕೊವಾಲೆಂಕೊದಲ್ಲಿ ಒತ್ತು 'ಲೆ' ಮೇಲೆ. ಹಾಗಾದರೆ ಅದನ್ನು 'ಕೊವಲೆಂಕೊ' ಎಂದು ಬರೆಯುವುದೇ ಸರಿಯೇ? ಬುಡ ಒಂದೇ ಅಂತ ಕಾಣಲಿ ಎಂದು ಮೇಲೆ ದೀರ್ಘ ಇಟ್ಟಿದ್ದೇನೆ. ಅನುವಾದ ಮಾಡುವವರು, ಕ್ರೀಡಾ ಪುಟ ನೋಡಿಕೊಳ್ಳುವವರು ಏನು ಮಾಡುತ್ತೀರಿ?

ಎರಡು, ನಮ್ಮ ಬಾಲಗಳದು. ಉತ್ತರ ಕರ್ನಾಟಕದಲ್ಲಿ ಕಮ್ಮಾರ, ಕುಂಬಾರ, ಪತ್ತಾರ ಇವೆಲ್ಲ ಕಸುಬಿನ ಪದಗಳೇ ಅಡ್ಡಹೆಸರಾಗಿ ನಿಂತಿವೆ, ಉಕ್ರೇನಿನ ಬರಿಯ ಕೊವಾಲ್‌ನಂತೆ. ಆದರೆ 'ಬಡಿಗೇರ'ದಲ್ಲಿ ಒಂದು ಬಾಲ ಕಾಣುತ್ತದೆ. ಆ 'ಏರ' ಬರೀ ಬಹುವಚನವೋ, 'ಬಡಿಗರ ಮನೆಯವನು' ಎಂಬ ಷಷ್ಠಿಯೋ? ಷಷ್ಠಿಯಾದರೆ ಅದು ಕುಜ್ನೆತ್ಸೊವ್‌ನ 'ಒವ್'ಗೆ ಸರಿಸಮ. ಕಮ್ಮಾರನಿಗೆ ಹೀಗೆ ಬಾಲ ಹತ್ತಿದ ಹೆಸರು ನಿಮ್ಮ ಸೀಮೆಯಲ್ಲಿ ಇದೆಯೇ? ಇದ್ದರೆ ಯಾವ ತಾಲ್ಲೂಕು ಎಂದೂ ಬರೆಯಿರಿ.