ಗೋಪ್ರೋ ವಿಡಿಯೋ ಜೋಡಿಸಿದ್ರ ಜಿಪಿಎಸ್ ಮಾಯ

ಪ್ರಶ್ನೆ: ಬಾದಾಮಿ–ಪಟ್ಟದಕಲ್ಲು ಬೈಕ್ ರೈಡಿಂದು 40 ವಿಡಿಯೋ ಫೈಲ್ ಅದಾವ, ಗೋಪ್ರೋ ಹೀರೋ 10 ಕ್ಯಾಮೆರಾದ್ದು. ಎಲ್ಲಾದಕ್ಕೂ ಒಮ್ಮೆಲೆ ವೇಗ, ನಕ್ಷೆ ಕೂಡ್ರಿಸಬೇಕು. ಎಫ್‌ಎಫ್‌ಎಂಪೆಗ್ (ವಿಡಿಯೋ ಜೋಡಿಸೂ ಸಾಫ್ಟ್‌ವೇರ್)‌ನಾಗ ಜೋಡಿಸಿದ್ರ ಜಿಪಿಎಸ್ ಹೋಗತೈತಿ. ಯಾಕ್ರಿ?

ಉತ್ತರ 1: ಜಿಪಿಎಸ್ ಇರೂದು ಎಂಪಿ4 ಒಳಗ ಬ್ಯಾರೆ ಡೇಟಾ ಟ್ರ್ಯಾಕಿನಾಗ್ರಿ. ಎಫ್‌ಎಫ್‌ಎಂಪೆಗ್ ತಾನಾಗಿ ಎತ್ತಿಕೊಳ್ಳೂದು ವಿಡಿಯೋ, ಆಡಿಯೋ ಅಷ್ಟ. ಆ ಟ್ರ್ಯಾಕನ್ನೂ ತಗೋ ಅಂತ ಮ್ಯಾಪ್ ಆಯ್ಕೆಯಿಂದ ಹೇಳಿ, ಗೋಪ್ರೋ ಡೇಟಾದ ಗುರುತಾದ ಜಿಪಿಎಂಡಿ ಟ್ಯಾಗ್ ಕೊಟ್ಟು, ಕಾಪಿ ಮೋಡ್‌ನಾಗ (ಮತ್ತ ಎನ್‌ಕೋಡ್ ಮಾಡದ) ಜೋಡಿಸ್ರಿ. ಇನ್ನೊಂದು: ಬರೇ ಹೆಸರಿನ ಮ್ಯಾಲೆ ಸಾರ್ಟ್ ಮಾಡಬ್ಯಾಡ್ರಿ. ಜಿಎಕ್ಸ್010023 ಆದಮ್ಯಾಲೆ ಬರಬೇಕಾದ್ದು ಜಿಎಕ್ಸ್020023, ಜಿಎಕ್ಸ್010024 ಅಲ್ಲ. ಮೊದಲ 2 ಅಂಕಿ ಒಂದ ವಿಡಿಯೋದ ತುಂಡಿನ ನಂಬರ್, ಕೊನೇ 4 ಅಂಕಿ ವಿಡಿಯೋದ ನಂಬರ್. ಕೊನೇ 4 ಅಂಕಿ ನೋಡಿ ಗುಂಪು ಮಾಡ್ರಿ.

ಉತ್ತರ 2: ಶುರುವಿಗೆ ವೇಗ ಹುಚ್ಚಾಪಟ್ಟೆ ಜಿಗಿದ್ರ, ಉಪಗ್ರಹ ಸಿಗೂ ಮೊದಲ ರೆಕಾರ್ಡ್ ಒತ್ತೀರಿ. ಜಿಪಿಎಸ್ ಡೇಟಾದಾಗ ಫಿಕ್ಸ್ 0 (ಅಂದ್ರ ಉಪಗ್ರಹ ಸಿಕ್ಕಿಲ್ಲ) ಇದ್ದ ಪಾಯಿಂಟ್ ತಗದು ಹಾಕ್ರಿ. ಜಿಪಿಎಸ್ ವ್ಯಾಳ್ಯಾ ಯುಟಿಸಿ (ಜಾಗತಿಕ ಸಮಯ). ನಮ್ಮ ವ್ಯಾಳ್ಯಾಕ್ಕ ಐದೂವರೆ ತಾಸು ಕೂಡಿಸ್ರಿ.