ಪೆರಾಕ್ಸೈಡ್ ಹಾಕಿದರೂ ಹೀಲಾ ಕೋಶಗಳು ಸಾಯ್ತಿಲ್ಲ, ಯಾಕೆ?

ಪ್ರಶ್ನೆ:
ಹೀಲಾ ಕೋಶಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) 300 ಮೈಕ್ರೋಮೋಲಾರ್ ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟೆ. ಹೋದ ತಿಂಗಳು ಮರುದಿನ ನೋಡಿದರೆ ಎಲ್ಲಾ ದುಂಡಗಾಗಿ, ತಳ ಬಿಟ್ಟು ತೇಲುತ್ತಿದ್ದವು. ಈ ಸಲ ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಬಾಟಲಿ ಮಾತ್ರ ಹೊಸದು, ಡೋಸ್ ಅದೇ, ಆದರೆ ಕೋಶಗಳು ಆರಾಮಾಗಿ ಅಂಟಿಕೊಂಡು ಕೂತಿವೆ! ಅದಿರಲಿ, ಪೆರಾಕ್ಸೈಡ್ ಕೋಶವನ್ನು ಕೊಲ್ಲುವುದಾದರೂ ಹೇಗೆ?

ಪೆಟ್ರಿತಟ್ಟೆ:
ಮೊದಲು ಲೇಬಲ್ ನೋಡಿ. ಸೋಡಿಯಂ ಪೈರುವೇಟ್ ಇದೆಯಾ? ಅದು ಪೆರಾಕ್ಸೈಡನ್ನು ಕೋಶ ಮುಟ್ಟುವ ಮೊದಲೇ ನುಂಗಿಬಿಡುತ್ತದೆ, ಉಳಿಯುವುದು ಅಸಿಟೇಟ್, ಕಾರ್ಬನ್ ಡೈಆಕ್ಸೈಡ್, ನೀರು. ನಾನೂ ಇದರಲ್ಲಿ ಎರಡು ವಾರ ಸುಮ್ನೆ ಕಳೆದಿದ್ದೇನೆ.

ರಾತ್ರಿಪಾಳಿ:
ಪೆರಾಕ್ಸೈಡ್ ತಾನಾಗಿ ಅಷ್ಟು ಉಗ್ರ ಅಲ್ಲ, ಕೋಶದೊಳಗಿನ ಕಬ್ಬಿಣ ಸಿಕ್ಕಿತೋ ಅತಿ ಉಗ್ರ ಕಣವಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿ ಡಿಎನ್‌ಎ ಎಳೆಗಳನ್ನು ಕಡಿಯುತ್ತದೆ. ರಿಪೇರಿಗೆ ಓಡಿಬರುವ ಪಾರ್ಪ್-1 ಕಿಣ್ವ ವಿಪರೀತ ದುಡಿದು, ಕೋಶ ಶಕ್ತಿ ತಯಾರಿಸಲು ಬೇಕಾದ ಎನ್‌ಎಡಿ ಖಾಲಿ ಮಾಡುತ್ತದೆ, ಹಿಂದೆಯೇ ಕೋಶದ ಇಂಧನವಾದ ಎಟಿಪಿಯೂ ಕುಸಿದು ಕೋಶ ಊದಿ ಒಡೆಯುತ್ತದೆ. ಡೋಸ್ ಕಡಿಮೆ ಇದ್ದರೆ ದಾರಿ ಬೇರೆ: ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಸೋರಿ, ಕೋಶವನ್ನು ಒಳಗಿಂದ ಕತ್ತರಿಸುವ ಕಿಣ್ವಗಳಾದ ಕ್ಯಾಸ್ಪೇಸ್‌ಗಳು ಎದ್ದು, ಅಪೊಪ್ಟೋಸಿಸ್, ಅಂದರೆ ಕೋಶ ತಾನೇ ಕ್ರಮವಾಗಿ ಸಾಯುವುದು. ಡೆಫೆರಾಕ್ಸಮೈನ್ ಮೊದಲೇ ಹಾಕಿ ಕಬ್ಬಿಣ ಕಟ್ಟಿಹಾಕಿ ನೋಡಿ, ಗೊತ್ತಾಗುತ್ತದೆ.

ಹಳೇ ಪಿಪೆಟ್:
ಕಬ್ಬಿಣ ಅಂದ್ರೆ ಫೆರೊಪ್ಟೋಸಿಸ್ ಕೂಡ ನೆನಪಿರಲಿ. 2012ರಲ್ಲಿ ಆ ಹೆಸರು ಬಂತು. ಪೊರೆಯ ಕೊಬ್ಬು ಕೆಟ್ಟು ಸಾಯುವುದು, ಕ್ಯಾಸ್ಪೇಸ್ ತಡೆದರೂ ನಿಲ್ಲಲ್ಲ, ಫೆರೊಸ್ಟಾಟಿನ್-1 ಹಾಕಿದರೆ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು:
ಲೇಬಲ್ ನೋಡಿದೆ. ಲೀಟರಿಗೆ 110 ಮಿಲಿಗ್ರಾಂ ಪೈರುವೇಟ್, ಅಂದರೆ 1 ಮಿಲಿಮೋಲಾರ್ (1000 ಮೈಕ್ರೋಮೋಲಾರ್), ನನ್ನ ಡೋಸ್‌ನ ಮೂರು ಪಟ್ಟಿಗಿಂತ ಜಾಸ್ತಿ ಅಲ್ವಾ! ನಾಳೆ ಪೈರುವೇಟ್ ಇಲ್ಲದ ಬಾಟಲಿ ಹುಡುಕಬೇಕು.